ಅಂಬಣ್ಣನ ಬಾಳೆಗೆ ಅರಬ್ಬೀ ಸಮುದ್ರ

ಕಲಬುರಗಿಗೆ ಸಮುದ್ರ ಬರುವುದಿಲ್ಲ ಎಂದವರು ಯಾರು? ಸುಧಾಕರ ತಂದೇಬಿಟ್ಟ! ಸೇಡಂ ರಸ್ತೆಯ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ, ಟಿವಿಯ ಪಕ್ಕದಲ್ಲಿ, ಅರವತ್ತು ಲೀಟರಿನ ಗಾಜಿನ ತೊಟ್ಟಿಯೊಳಗೆ ಸಾಕ್ಷಾತ್ ಅರಬ್ಬೀ ಸಮುದ್ರ ಭೋರ್ಗರೆಯತೊಡಗಿತು. ಭೋರ್ಗರೆದದ್ದು ಫಿಲ್ಟರಿನ ಮೋಟಾರು ಎಂಬುದು ಬೇರೆ ಮಾತು. ಒಳಗೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳು. ಸುಧಾಕರ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಸಹಾಯಕ, ಕೇಳಬೇಕೆ? "ನೀರಿನ ವಿಷಯದಾಗ ನನಗ ಯಾರೂ ಕಲಿಸೂದು ಬ್ಯಾಡ!" ಎಂದು ಮೊದಲ ದಿನವೇ ಮನೆಯಲ್ಲಿ ಡಂಗುರ ಸಾರಿದ.

ತಿಂಗಳು ತುಂಬುವಷ್ಟರಲ್ಲಿ ಮೀನುಗಳು ಮಂಕಾದವು. ನೀರನ್ನು ಪರೀಕ್ಷೆ ಮಾಡಿದರೆ ಗಾಜಿನ ನಳಿಕೆಯಲ್ಲಿ ಹಳದಿ ಇರಬೇಕಾದ ಬಣ್ಣ ಕೆಂಪಗೆ ಕೆಂಡವಾಗಿತ್ತು. ಮೀನಿಗೆ ನಂಜಾಗುವ ನೈಟ್ರೇಟ್ ಏರಿತ್ತು! ಸುಧಾಕರ ಹೆದರುವ ಗಂಡಸೇ? ಎರಡನೆಯ ಫಿಲ್ಟರ್ ಜೋಡಿಸಿದ. ಕೆಂಪು ಇಳಿಯಲಿಲ್ಲ. ಮೂರನೆಯದನ್ನೂ ಜೋಡಿಸಿದ.

"ಮೀನ ಎರಡು, ಫಿಲ್ಟರ್ ಮೂರು!" ಎಂದಳು ಹೆಂಡತಿ ಪಂಚಶೀಲಾ. "ಮೀನ ಸಾಕ್ಲಾಕತ್ತೀರೋ, ಹಿಟ್ಟಿನ ಗಿರಣಿ ಹಾಕೀರೋ? ಟಿವಿ ಒಂದ್ ಅಕ್ಷರ ಕೇಳಂಗಿಲ್ಲ!"

ಮೀನು ಮಾರಿದ ಫೈಜಾನ್‌ಗೆ ಫೋನು ಹೋಯಿತು. "ಅರೆ ಸಾಬ್, ಫಿಲ್ಟರ್ ಕಣ್ಣಿಗಿ ಕಾಣೋ ಹೊಲಸು ಹಿಡೀತದ. ನೈಟ್ರೇಟ್ ಹೋಗಬೇಕಂದ್ರ ನೀರೇ ಬದ್ಲಿ ಮಾಡಬೇಕು. ವಾರಕ್ಕೊಮ್ಮಿ ಹತ್ತಿಪ್ಪತ್ತು ಲೀಟರ್ ತಗೀರಿ, ಹೊಸಾದು ಹಾಕ್ರಿ."

ಸುಧಾಕರ ತೆಗೆದ. ಇಪ್ಪತ್ತು ಲೀಟರಿನ ಕ್ಯಾನು ತುಂಬಿತು. ಅದನ್ನು ಮೋರಿಗೆ ಸುರಿಯಲು ಹೋದವನು ಥಟ್ಟನೆ ನಿಂತ. ನೈಟ್ರೇಟ್ ಅಂದರೆ ಏನು? ಗೊಬ್ಬರ! ಗೊಬ್ಬರವನ್ನು ಮೋರಿಗೆ ಚೆಲ್ಲುವುದೇ? ಕಮಲಾಪುರದಲ್ಲಿ ಮಾವ ಅಂಬಣ್ಣನ ಕೆಂಪು ಬಾಳೆಯ ತೋಟ ಕಣ್ಣ ಮುಂದೆ ಬಂತು. ಮದುವೆಯಾಗಿ ಎಂಟು ವರ್ಷ. ಮಾವನ ಬಾಯಿಂದ ಒಂದೇ ಒಂದು "ಭೇಷ್" ಉದುರಿರಲಿಲ್ಲ. ಇಂದು ಉದುರಿಸದೆ ಬಿಡುವುದಿಲ್ಲ!

"ರೀ, ಆ ನೀರಿನ್ಯಾಗ..." ಎಂದು ಪಂಚಶೀಲಾ ಬಾಯಿ ತೆರೆದಳು.

"ನೀ ಸುಮ್ನಿರು. ಇದು ಸೈನ್ಸು!"

ಕ್ಯಾನನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದು, ಏಪ್ರಿಲ್ ಬಿಸಿಲಿನಲ್ಲಿ ಮಹಾಗಾಂವ ದಾಟಿ ಕಮಲಾಪುರ ಸೇರಿದ. ಮಾವ ಸಂತೆಗೆ ಹೋಗಿದ್ದ. ಅತ್ತೆ ಪುತಳಾಬಾಯಿ ಚಹಾಕ್ಕಿಡುವಷ್ಟರಲ್ಲಿ ಅಳಿಯ ತೋಟಕ್ಕೆ ನುಗ್ಗಿಯಾಗಿತ್ತು. ಅಲ್ಲಿ ಎಲ್ಲಕ್ಕಿಂತ ದಷ್ಟಪುಷ್ಟವಾದ ಗಿಡವೊಂದು ಗೊನೆ ಹೊತ್ತು ನಿಂತಿತ್ತು. ಬುದ್ಧ ಪೂರ್ಣಿಮೆಗೆ ಇದೇ ಗೊನೆಯನ್ನು ಊರಿನ ಬುದ್ಧ ವಿಹಾರಕ್ಕೆ ಕೊಡುತ್ತೇನೆಂದು ಅಂಬಣ್ಣ ಊರೆಲ್ಲ ಹೇಳಿಕೊಂಡು ಬಂದಿದ್ದ. ಹೂ ಬಿಟ್ಟಂದಿನಿಂದ ದಿನಕ್ಕೆರಡು ಸಲ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದ. ಶ್ರೇಷ್ಠ ಗಿಡಕ್ಕೇ ಶ್ರೇಷ್ಠ ನೀರು! ಸುಧಾಕರ ಕ್ಯಾನು ಬಗ್ಗಿಸಿ ಬುಡಕ್ಕೆ ಗಳಗಳನೆ ಸುರಿದ.

ಅಷ್ಟರಲ್ಲಿ ಅಂಬಣ್ಣ ಬಂದ. "ಏನ್ ಹಾಕ್ಲಾಕತ್ತೀರಿ ಅಳಿಯಾವ್ರ?"

"ನೈಟ್ರೇಟ್ ನೀರು ಮಾವಾರ! ಗೊನಿ ಹ್ಯಾಂಗ ಉಬ್ಬತದ ನೋಡ್ರಿ!"

ಅಂಬಣ್ಣ ಕ್ಯಾನಿನ ತಳದಲ್ಲಿ ಉಳಿದ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ. ಮರುಕ್ಷಣ ಥೂ ಎಂದು ಉಗಿದ. "ಉಪ್ಪು! ಅಳಿಯಾವ್ರ, ಇದು ಬರೇ ಉಪ್ಪು!"

ಸುಧಾಕರನೂ ಬೆರಳದ್ದಿ ನೆಕ್ಕಿದ. ಉಪ್ಪು! ತಾನೇ ಚೀಲ ಒಡೆದು, ತಾನೇ ತೂಗಿ, ತಾನೇ ಕದಡಿದ ಉಪ್ಪು! ಲ್ಯಾಬಿನ ಮಹಾಪಂಡಿತನಿಗೆ ನೈಟ್ರೇಟಿನ ಗುಂಗಿನಲ್ಲಿ ಸಮುದ್ರ ಉಪ್ಪಾಗಿರುತ್ತದೆ ಎಂಬುದೇ ಮರೆತುಹೋಗಿತ್ತು.

"ನಿಂತು ನೋಡ್ತೀರೇನ್ರಿ? ಒದ್ದಿ ಮಣ್ಣೆಲ್ಲಾ ಬಗದು ತಗೀರಿ! ಬಾವಿ ನೀರು ಸುರೀರಿ! ಗಿಡಾ ಸತ್ತರ ನಾ ವಿಹಾರಕ್ಕ ಯಾವ ಮಾರಿ ಹೊತ್ಕೊಂಡು ಹೋಗ್ಲಿ?" ಅಂಬಣ್ಣ ಗೋಳಿಟ್ಟ. ಅದನ್ನು ಕೇಳಿ ಸುಧಾಕರನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮೋಟಾರು ಹಚ್ಚೋಣವೆಂದರೆ ಕರೆಂಟಿಲ್ಲ. ಸುಧಾಕರ ಪ್ಯಾಂಟು ಮಡಚಿದ. ಸಲಿಕೆ ಹಿಡಿದು ಮಣ್ಣು ಬಗೆದ, ಹಗ್ಗ ಹಿಡಿದು ಬಾವಿಯಿಂದ ಕೊಡಗಟ್ಟಲೆ ನೀರು ಸೇದಿದ. ಸುರಿದದ್ದು ಹರಿದು ಕಾಲುವೆ ಸೇರಬೇಕು, ಮತ್ತೆ ಸುರಿಯಬೇಕು. ಮನೆಯಲ್ಲಿ ಮೂರು ಫಿಲ್ಟರು ಮಾಡದ ಕೆಲಸವನ್ನು ಇಲ್ಲಿ ಒಬ್ಬ ಅಳಿಯ ಮಾಡಿದ. ಅಂಗೈಯಲ್ಲಿ ಬೊಬ್ಬೆ ಎದ್ದವು. ಮಾಡಿಟ್ಟ ಚಹಾ ಆರಿ, ಮತ್ತೆ ಕಾದು, ಮತ್ತೆ ಆರಿತು.

ಸಂಜೆ ಬದುವಿನ ಮೇಲೆ ಕುಸಿದು ಕೂತವನ ಪಕ್ಕ ಅಂಬಣ್ಣನೂ ಬಂದು ಕೂತ, ಮೀನಿನ ತೊಟ್ಟಿಯ ಕಥೆಯನ್ನೆಲ್ಲ ಕೇಳಿಸಿಕೊಂಡ. "ಅಲ್ರಿ, ಆ ನಂಜು ನೀರಿನ್ಯಾಗ ಎಲ್ಲಿಂದ ಬಂತು? ಮೀನಿಗಿ ದಿನಾ ಎಷ್ಟ ಸಲ ತಿನಸ್ತೀರಿ?"

"ಐದ್ ಸಲ. ಮ್ಯಾಲ ಬಂದು ಬಾಯಿ ತಗೀತಾವ್ರಿ, ಪಾಪ ಅನಸ್ತದ."

"ಬಟ್ಟಿನಷ್ಟು ಮೀನಿಗಿ ಐದ್ ಸಲ! ನಮ್ಮ ಎಮ್ಮಿಗೂ ಅಷ್ಟಿಲ್ಲಲ್ರಿ! ತಿನ್ನಲಾರದ್ದು ಅಲ್ಲೇ ಕೊಳೀತದ, ಮತ್ತೇನಾಗ್ತದ?"

ಕೆಮಿಸ್ಟ್ರಿ ಲ್ಯಾಬು ತಲೆ ತಗ್ಗಿಸಿತು.

ಆಮೇಲೆ ಮೀನಿಗೆ ದಿನಕ್ಕೆ ಒಂದೇ ಊಟ, ಅದೂ ಚಿಟಿಕೆಯಷ್ಟು. ಎರಡು ಫಿಲ್ಟರುಗಳು ಅಟ್ಟ ಸೇರಿದವು, ಟಿವಿ ಮತ್ತೆ ಕೇಳತೊಡಗಿತು. ವಾರವಾರ ನೀರು ಬದಲಿಸಿದಂತೆ ನಳಿಕೆಯ ಕೆಂಪು ಇಳಿದು ಕಿತ್ತಳೆಯಾಯಿತು, ಕಿತ್ತಳೆ ಹಳದಿಯಾಯಿತು. ಆದರೆ ಸುಧಾಕರನಿಗೆ ಅದರ ಖುಷಿಯಿಲ್ಲ. ಕಮಲಾಪುರದ ಗಿಡ ಏನಾಯಿತೋ? ಕೇಳಲು ಧೈರ್ಯವಿಲ್ಲ. ಫೋನು ರಿಂಗಾದರೆ ಸಾಕು, ಬಚ್ಚಲಿಗೆ ಓಡುತ್ತಿದ್ದ.

ಹುಣ್ಣಿಮೆಗೆ ಮೂರು ದಿನವಿರುವಾಗ ಮಾವನ ಫೋನು ಬಂದೇ ಬಂತು. ಪಂಚಶೀಲಾ ಗಂಡನ ರಟ್ಟೆ ಹಿಡಿದು ನಿಲ್ಲಿಸಿ ಸ್ಪೀಕರ್ ಹಾಕಿದಳು.

"ಗಿಡಾ ಉಳದದ ಅಳಿಯಾವ್ರ! ಎರಡೆಲಿ ಸುಟ್ಟಾವ, ಆದ್ರ ಗೊನಿ ಮಸ್ತ ತುಂಬ್ಯಾದ. ಹುಣ್ಣಿವಿಗಿ ಇಬ್ಬರೂ ಬರಬೇಕು, ಗೊನಿ ನಿಮ್ಮ ಕೈಲೇ ವಿಹಾರಕ್ಕ ಕೊಡಸ್ತೀನಿ."

ಸುಧಾಕರನಿಗೆ ಕಣ್ಣು ತುಂಬಿ ಬಂತು. ಎಂಟು ವರ್ಷದ ಮೇಲೆ ಇಂಥ ಮರ್ಯಾದೆ! "ಬರ್ತೀವ್ರಿ ಮಾವಾರ, ಖರೇನೇ ಬರ್ತೀವಿ! ಬರೋವಾಗ ನಿಮಗೇನು ತರ್ಲಿ?"

ಆ ಕಡೆ ಅಂಬಣ್ಣ ಗಾಬರಿಬಿದ್ದ. "ಏನೂ ಬ್ಯಾಡ್ರೀ! ನಿಮಗ ಕೈ ಮುಗೀತೀನಿ, ಬರೇ ಕೈಲೆ ಬರ್ರಿ!"