ಪಾಯಕ್ಕೆ ಕಿವಿಗೊಟ್ಟ ಅತ್ತೆ

ನಮ್ಮ ಅತ್ತೆಗೆ ಮನುಷ್ಯರ ಮುಖಕ್ಕಿಂತ ಅವರ ಮನೆಯ ಪಾಯದ ಗುರುತೇ ಹೆಚ್ಚು. ಅಪ್ಪನ ತಂಗಿ, ಲಿಂಗಸುಗೂರಿನಲ್ಲಿ ಸರ್ಕಾರಿ ಇಂಜಿನಿಯರ್ ಆಗಿದ್ದು ನಿವೃತ್ತಳಾದವಳು. ನನಗೆ ಹೆಣ್ಣು ನೋಡಲು ಸಿಂಧನೂರಿಗೆ ಹೋದಾಗ ನಾವೆಲ್ಲ ಹುಡುಗಿಯನ್ನು ನೋಡುತ್ತಿದ್ದರೆ, ಇವಳು ಹಿತ್ತಲಿಗೆ ಹೋಗಿ ಗೋಡೆಯ ಬುಡ ನೋಡಿ ಬಂದಳು. ಉಪ್ಪಿಟ್ಟಿನ ತಟ್ಟೆಗೆ ಕೈಚಾಚುತ್ತ, “ಬಚ್ಚಲ ನೀರು ಪಾಯಕ್ಕ ಇಳ್ಯಾಕತ್ತೈತ್ರಿ. ಈ ಮನಿ ಕುಂತಕೊಂತೈತಿ” ಅಂದಳು. ನೆಂಟಸ್ತಿಕೆ ಅಲ್ಲಿಗೇ ಕುಂತಿತು! ಮುಂದಿನ ಮಳೆಗಾಲಕ್ಕೆ ಆ ಗೋಡೆ ಮೇಲಿಂದ ಕೆಳಗಿನವರೆಗೂ ಸೀಳಿತೆಂದು ಸುದ್ದಿ ಬಂದಾಗ ನಮ್ಮಲ್ಲಿ ಯಾರೂ ನಗಲಿಲ್ಲ.

ಇಂಥವಳಿಗೆ ಮಸ್ಕಿಯಲ್ಲಿ ನನ್ನ ಮನೆಯ ಪಾಯ ಒಪ್ಪಿಸಿದೆ. ಮೇಲಿನದು ಎರೆಮಣ್ಣು, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಜಾತಿ. ಅದನ್ನು ದಾಟಿ ಗಟ್ಟಿ ಗರಸು ನೆಲ ಮುಟ್ಟುವ ತನಕ ಅಗೆಸಿದಳು. ಆಮೇಲೆ ಆ ಗರಸಿನ ಕಾವಲಿಗೇ ನಿಂತಳು. ನೆನೆದರೆ ಮೆತ್ತಗಾಗುತ್ತದೆಂದು ತಾಡಪತ್ರಿ ಹೊದಿಸಿದಳು. ಮೇಸ್ತ್ರಿ ಚಹಾದ ಲೋಟ ತೊಳೆದ ನೀರನ್ನು ಗುಂಡಿಗೆ ಚೆಲ್ಲಲು ಹೋದರೆ, “ನಿನ್ನ ತಲಿ ಮ್ಯಾಲೆ ಹಾಕ್ಕೋ” ಅಂದಳು.

ಕಾಂಕ್ರೀಟು ಹಾಕುವ ದಿನ ಬೆಳಿಗ್ಗೆ ಗುಂಡಿಗೆ ಇಳಿದು ಉದ್ದಕ್ಕೆ ಮಲಗಿ ನೆಲಕ್ಕೆ ಕಿವಿ ಹಚ್ಚಿದಳು. ಮೇಸ್ತ್ರಿ ನನ್ನ ಕಡೆ ವಾಲಿ ಕೇಳಿದ: “ಸಾಹೇಬ್ರ, ಅಮ್ಮಾರಿಗೆ ಆರಾಮ ಇಲ್ಲೇನ್ರಿ?”

“ಹಾರಿ ತಗೊಂಡು ಬಡಿ,” ಒಳಗಿಂದ ಅತ್ತೆಯ ದನಿ ಬಂತು.

ಮೇಸ್ತ್ರಿ ಹಾರೆಯಿಂದ ಬಡಿದಲ್ಲೆಲ್ಲ ಠಣ್ ಎಂದಿತು. ಈಶಾನ್ಯ ಮೂಲೆಯಲ್ಲಿ ಮಾತ್ರ ಧಬ್. ಆ ಧಬ್ಬಿನ ನಂತರ, ನಮ್ಮ ಕಾಲಕೆಳಗೆ ಎಲ್ಲೋ ಆಳದಲ್ಲಿ, ಮಣ್ಣು ಉದುರುವ ಸದ್ದು ಕೇಳಿತು. ಸಣ್ಣಗೆ, ತಡವಾಗಿ, ಯಾರೋ ಉಸಿರು ಬಿಟ್ಟಂತೆ.

ಕೆದರಿದರೆ ಒಂದು ಹಾಸುಗಲ್ಲು. ಸರಿಸಿದರೆ ಕತ್ತಲು. ಹಿಂದಿನವರು ಜೋಳ ತುಂಬಿಡುತ್ತಿದ್ದ ಹಗೇವು. ಒಳಗಿಂದ ತಣ್ಣಗಿನ ಮುಗ್ಗಲು ಗಾಳಿ ಮುಖಕ್ಕೆ ಬಡಿಯಿತು.

ದಢೇಸುಗೂರಿನ ಕೂಲಿಯವನೊಬ್ಬ ಅಂಗಿ ಬಿಚ್ಚಿ, “ಎಷ್ಟು ಆಳ ಐತಿ ಇಳಿದು ನೋಡ್ತೀನ್ರಿ” ಎಂದು ಕಾಲು ಇಳಿಬಿಟ್ಟ. ಅತ್ತೆ ಎರಡೂ ಕೈಯಿಂದ ಅವನ ರಟ್ಟೆ ಹಿಡಿದೆಳೆದಳು. ಬಕೆಟ್ಟಿನಲ್ಲಿ ಮೇಣದಬತ್ತಿ ಹಚ್ಚಿಟ್ಟು ಹಗ್ಗದಿಂದ ಇಳಿಸಿದಳು. ಸ್ವಲ್ಪ ದೂರ ಹೋದದ್ದೇ, ಯಾರೋ ಬೆರಳಿಂದ ಹಿಸುಕಿದಂತೆ ಬತ್ತಿ ಆರಿತು. ಗಾಳಿ ಅಲುಗಿರಲಿಲ್ಲ.

“ಕೆಟ್ಟ ಗಾಳಿ. ಇಳಿದ್ರ ಉಸಿರು ಕಟ್ತೈತಿ,” ಅಂದಳು. ಕೂಲಿಯವ ಹಿಂದಕ್ಕೆ ಸರಿದು ಕೂತ.

ಅತ್ತೆ ಹಗ್ಗ ಬಿಡಲಿಲ್ಲ. ಹಗೇವಿನ ಬಾಯಿಯ ಹತ್ತಿರ ಬಗ್ಗಿ, ನಾವೆಲ್ಲ ಇದ್ದೇವೆಂಬುದೇ ಮರೆತವಳಂತೆ, “ಅಕ್ಕಾ” ಎಂದು ಕರೆದಳು. ಕೆಳಗಿಂದ “ಕ್ಕಾ” ಎಂದು ಬಂತು.

ಅಪ್ಪನಿಗೆ ಒಬ್ಬಳು ಅಕ್ಕ ಇದ್ದಳು, ಸಣ್ಣಾಕಿದ್ದಾಗಲೇ ಹೋದಳು ಎಂದಷ್ಟೇ ನನಗೆ ಗೊತ್ತಿತ್ತು.

“ಸಂತೆಕಲ್ಲೂರಾಗ ಇಂಥಾದ ಹಗೇವಿಗೆ ಜೋಳ ತಗ್ಯಾಕ ಇಳಿದಿದ್ಳು,” ಅತ್ತೆ ನನ್ನತ್ತ ನೋಡದೆ ಹೇಳಿದಳು. “ಹಗ್ಗ ನನ್ನ ಕೈಯಾಗಿತ್ತು. ಜಗ್ಗಿದೆ, ಹಗುರಾಗಿ ಬಂತು.”

ಆಮೇಲೆ ಎದ್ದು, ಎಂದಿನ ದನಿಯಲ್ಲೇ, ಜೆಸಿಬಿಯಿಂದ ಬಾಯಿ ಅಗಲ ಮಾಡಿಸಿ ತಳದಿಂದ ಕಲ್ಲು, ಕಾಂಕ್ರೀಟು ತುಂಬಿಸಲು ಮೇಸ್ತ್ರಿಗೆ ಹೇಳಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಕೂಲಿಯವನ ತಟ್ಟೆಗೆ ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತಲೇ ಇದ್ದಳು.

“ಸಾಕ್ರೀ ಅಮ್ಮಾ, ಹೊಟ್ಟಿ ತುಂಬೇತಿ,” ಅಂದ ಅವನು.

“ತುಂಬಲಿ,” ಅಂದಳು ಅತ್ತೆ, ಇನ್ನೊಂದು ರೊಟ್ಟಿ ಮುರಿದು ಹಾಕುತ್ತ. “ನಿಧಾನಕ ಉಣ್ಣಪ್ಪಾ. ನಾ ಇಲ್ಲೇ ಕುಂದರ್ತೀನಿ.”