ಉಜ್ಜಬಾರದ ಕಾಲು

ಆಸ್ಪತ್ರೆಯಲ್ಲಿ ನಗುವುದಕ್ಕೆ ಏನಿರುತ್ತದೆ ಅಂತ ಕೇಳುವವರು ಗಂಡಸರ ವಾರ್ಡಿನಲ್ಲಿ ಒಂದು ದಿನ ನರ್ಸ್ ಕೆಲಸ ಮಾಡಿ ನೋಡಬೇಕು. ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದಲ್ಲಿ ಅದನ್ನೇ ಮಾಡುತ್ತಿದ್ದೆ.

ಹೆಪ್ಪು

ಬಸರಾಳಿನ ಗೌಡರೊಬ್ಬರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಎದ್ದು ಓಡಾಡಿ ಅಂತ ಬೇಡಿಕೊಂಡರೂ ಏಳಲಿಲ್ಲ. ಮಲಗಿ ಮಲಗಿ ಎಡಗಾಲು ಊದಿಕೊಂಡಿತು. ಡಾಕ್ಟರು ಗೌಡರ ಹೆಂಡತಿಯನ್ನು ಕರೆದು, "ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ. ಆ ಗಂಟು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಇನ್ನು ಏಳಬಾರದು, ಕಾಲು ಉಜ್ಜಲೇಬಾರದು" ಎಂದರು. ಅಂದಿನಿಂದ ಗೌಡರಿಗೆ ಎದ್ದು ಓಡಾಡುವ ಹುಚ್ಚು ಹಿಡಿಯಿತು!

ಮಾರನೆಯ ದಿನ ಊಟ ಬಂತು. ಮಜ್ಜಿಗೆ ಇಲ್ಲ.

"ಒಳಗೆ ಆಗ್ಲೇ ಎಪ್ಪಾಗದೆ. ಮೇಲೆ ಮಜ್ಜಿಗೆ ಬೇರೆ ಉಯ್ಯನಾ?" ಎಂದರು ಹೆಂಡತಿ.

ಗೌಡರ ಮುಖ ನೋಡಲಾಗದೆ, "ಹೋಗಲಿ, ಹಾಲಾದರೂ ಕೊಡಿ" ಎಂದೆ.

"ನೀವೂ ಸರಿ ಬುಡಿ ನರ್ಸಮ್ಮ! ಎಪ್ಪು ಒಳಗೇ ಕೂತದೆ. ಆಲು ಉಯ್ದ್ರೆ ಬೆಳಗಾಗೋದ್ರೊಳಗೆ ಮೊಸರಾಗ್ಬುಡ್ತದೆ!"

ಶಾಕು

ಅದೇ ವಾರ ಪಕ್ಕದ ಮಂಚಕ್ಕೆ ಯಲಿಯೂರಿನವನೊಬ್ಬ ಬಂದ. ಕಬ್ಬು ಕಡಿಯುವಾಗ ಮಚ್ಚು ತೋಳಿಗೆ ತಗುಲಿ ಸಿಕ್ಕಾಪಟ್ಟೆ ರಕ್ತ ಹೋಗಿತ್ತು. ಮೈ ತಣ್ಣಗೆ, ನಾಡಿ ಸಣ್ಣಗೆ. ಡಾಕ್ಟರು "ಶಾಕ್ ಆಗಿದೆ" ಎನ್ನುತ್ತ ಡ್ರಿಪ್ ಹಾಕಲು ಹೊರಟರು. ಕಾಲು ಮೇಲೆತ್ತಿ ಹಿಡಿ ಅಂತ ನಾನು ಅವನ ಅಣ್ಣನಿಗೆ ಹೇಳಿದರೆ, ಆಸಾಮಿ ನಾಲ್ಕು ಹೆಜ್ಜೆ ಹಿಂದೆ ಹೋದ.

"ಸಾಕ್ ವಡ್ದಿರೋನ್ನ ಮುಟ್ಟಿದ್ರೆ ನಂಗೂ ವಡೀತದೆ ಕಣಮ್ಮ. ಮೊದ್ಲು ಮೈನ್ ಆಫ್ ಮಾಡಿ!"

"ಇದು ರಕ್ತ ಕಡಿಮೆಯಾಗಿ ಬರೋ ಶಾಕು, ಕರೆಂಟಿನದಲ್ಲ. ಹಿಡಿಯಯ್ಯಾ!" ಎಂದು ರೇಗಿದೆ.

ಹಿಡಿದ. ಆದರೆ ಬಾಗಿಲಾಚೆ ಬಿಟ್ಟಿದ್ದ ರಬ್ಬರಿನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಂದೇ ಹಿಡಿದ.

ಎಣ್ಣೆ

ಗೌಡರ ತಾಯಿಗೆ ಕಣ್ಣು ಮಂಜು, ಕಿವಿ ಮಂದ, ಹಟ ಮಾತ್ರ ಜೋರು. ಎರಡು ಸಲ ಹರಳೆಣ್ಣೆ ಬಟ್ಟಲು ಹಿಡಿದು ಬಂದಿದ್ದರು, ಎರಡು ಸಲವೂ ನಾನೇ ಆಚೆ ಕಳಿಸಿದ್ದೆ. "ನಾ ಎತ್ತ ಕಾಲು, ನಾ ಉಜ್ಬಾರ್ದಾ?" ಎಂದು ಬೈದುಕೊಂಡು ಹೋಗಿದ್ದರು.

ಮೂರನೆಯ ದಿನ ಇಂಜೆಕ್ಷನ್ ತರಲು ಹೋಗಿ ಬಂದು ನೋಡುತ್ತೇನೆ, ಅಜ್ಜಿ ಮಂಚದ ಮೇಲೇ ಕೂತು, ಕಂಬಳಿಯೊಳಗಿಂದ ಕಾಲೆಳೆದುಕೊಂಡು ರಾಗಿಹಿಟ್ಟು ನಾದಿದ ಹಾಗೆ ನಾದುತ್ತಿದ್ದಾರೆ! ಗೌಡರ ಕಥೆ ಮುಗಿಯಿತು ಅಂತಲೇ ಅಂದುಕೊಂಡು, "ಬಿಡೀಮ್ಮಾ, ಮಗನ ಜೀವ ಹೋಗುತ್ತೆ!" ಎಂದು ಕಿರುಚಿದೆ.

ಕಿಟಕಿಯ ಕಡೆಯಿಂದ ಗೌಡರ ದನಿ ಬಂತು. "ನಾನಿಲ್ಲಿವ್ನಿ ಕಣವ್ವೋ! ಅದ್ಯಾರ ಕಾಲು?"

ಗಾಳಿ ಬರಲಿ ಅಂತ ಬೆಳಿಗ್ಗೆ ಗೌಡರ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದ್ದರು. ಆ ಜಾಗಕ್ಕೆ ಯಲಿಯೂರಿನವನ ಮಂಚ ಬಂದಿತ್ತು, ಗಾಬರಿಯಲ್ಲಿ ನನಗೂ ಅದು ಮರೆತುಹೋಗಿತ್ತು. ಬದುಕಿದೆ ಅನ್ನಿಸಿ ನನಗೆ ಅಳುವೇ ಬಂತು.

ಅಜ್ಜಿ ಮುಖದ ಮೇಲಿನ ಕಂಬಳಿ ಕಿತ್ತೆಳೆದು, "ಯಾರ್ಲಾ ನೀನು? ಬಾಯಿ ಬುಟ್ಟು ಯೋಳಕ್ಕೇನಾಗಿತ್ತು?" ಎಂದರು.

ಅವನು ಕಣ್ಣುಮುಚ್ಚಿಕೊಂಡೇ ಎಂದ: "ಯೋಳ್ತಿದ್ದೆ ಕಣವ್ವ. ಬಲಗಾಲೂ ಮುಗೀಲಿ ಅಂತ ಸುಮ್ಕಿದ್ದೆ."