ಶನಿವಾರದ ವಿಜ್ಞಾನ ಮತ್ತು ನನ್ನ ಸ್ಟೂಲು

ಸಿಟ್ಟು ಎಲ್ಲರಿಗೂ ಬರುತ್ತದೆ. ಆದರೆ ಅದನ್ನು ಆಡಿ ತೋರಿಸುವ ಬಾಯಿ ಎಲ್ಲರಿಗೂ ಇರುವುದಿಲ್ಲ. ನನಗಂತೂ ಇಲ್ಲ. ನಾಲ್ಕು ಜನರ ಮುಂದೆ ನಿಂತರೆ ಸಾಕು, ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಬಂದ ಸಿಟ್ಟನ್ನೆಲ್ಲ ಅಡಿಗೆಮನೆಗೆ ತಂದು ಜೋಳದ ರೊಟ್ಟಿಯ ಮೇಲೆ ಬಡಿಯುವುದು ನನ್ನ ಪದ್ಧತಿ. ನಿಮ್ಮ ಅಜ್ಜ ಇದ್ದಾಗ ಪಡಸಾಲೆಯಲ್ಲಿ ಕೂತೇ ಆ ಸಪ್ಪಳ ಕೇಳಿ, "ಇವತ್ತ ರೊಟ್ಟಿ ಭಾಳ ತೆಳ್ಳಗ ಬರ್ತಾವ, ಯಾರ ಮ್ಯಾಲೋ ಸಿಟ್ಟು ಬಂದೈತಿ" ಎನ್ನುತ್ತಿದ್ದರು. ಅವರು ಹೋದ ಮೇಲೆ ಆ ಸಪ್ಪಳ ತಿಳಿಯುವವರು ಮನೆಯಲ್ಲಿ ಉಳಿಯಲಿಲ್ಲ. ಆದ್ದರಿಂದ ಮೊಮ್ಮಕ್ಕಳೇ, ಈ ಒಂದು ಸಿಟ್ಟನ್ನು ನಿಮಗಾಗಿ ಬರೆದಿಡುತ್ತಿದ್ದೇನೆ.

ನಮ್ಮ ಶಿವಲೀಲಾ ಇಲಕಲ್ಲಿನಲ್ಲಿ ಒಂಬತ್ತನೇ ತರಗತಿ ಓದುತ್ತಾಳೆ. ಅವಳ ಹೈಸ್ಕೂಲಿನಲ್ಲಿ ಶನಿವಾರ ಮಧ್ಯಾಹ್ನ ಒಂದು ವಿಜ್ಞಾನ ಕೋರ್ಸು ಶುರುವಾಯಿತು. ಪುಸ್ತಕದಲ್ಲಿ ಓದಿದ್ದನ್ನು ಕೈಯಾರೆ ಮಾಡಿ ನೋಡುವುದಂತೆ. ಮುಂದೆ ಬಾಗಲಕೋಟೆಯ ಕಾಲೇಜಿನಲ್ಲಿ ಸಾಯನ್ಸ್ ತೆಗೆದುಕೊಳ್ಳಬೇಕೆಂದಿರುವ ಹುಡುಗಿ, ಜಾತ್ರೆಗೆ ಹೊರಟವಳ ಹಾಗೆ ಹೋದಳು. ಬರುವಾಗ ಮುಖ ಗಂಟು ಹಾಕಿಕೊಂಡು ಬಂದಳು.

"ಏನ್ ಮಾಡಿದ್ರಿ ಯವ್ವಾ?" ಎಂದೆ.

"ಹುಡುಗ್ರು ಪ್ರಯೋಗ ಮಾಡಿದ್ರು. ನಾವು ರಂಗೋಲಿ ಹಾಕಿದ್ವಿ."

"ವಿಜ್ಞಾನದಾಗ ರಂಗೋಲಿ ಎಲ್ಲಿಂದ ಬಂತ?"

"ಹೃದಯದ ರಂಗೋಲಿ ಅಜ್ಜಿ. ಶುದ್ಧ ರಕ್ತಕ್ಕ ಕೆಂಪು ಪುಡಿ, ಕೆಟ್ಟ ರಕ್ತಕ್ಕ ನೀಲಿ ಪುಡಿ. ಮುಂದಿನ ವಾರ ಕಿಡ್ನಿ ಐತಿ. ಹುಡುಗ್ಯಾರ ಕೈ ಚಲೋ ಕುಂದರ್ತೈತಿ ಅಂತಾರ ಸರ್. ರಂಗೋಲಿ ಹಾಕಾಕ ನಾ ಇನ್ನ ಹೋಗಂಗಿಲ್ಲ."

ನನಗೆ ಉರಿದುಹೋಯಿತು. ನಾನು ಹುನಗುಂದದ ಕಡೆ ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಅಲ್ಲಿ ಹುಡುಗಿಯರಾದ ನಾವು ಕಸ ಗುಡಿಸಿ ಸಗಣಿ ಸಾರಿಸಬೇಕು, ಹುಡುಗರು ಗಂಟೆ ಬಾರಿಸಬೇಕು. ಆ ಗಂಟೆಯನ್ನು ಒಂದು ಸಲ ಬಾರಿಸಲು ನಾನು ಎಷ್ಟು ಆಸೆಪಟ್ಟಿದ್ದೆ! ಇಷ್ಟು ವರ್ಷಗಳ ಮೇಲೆ ಸಗಣಿ ಹೋಗಿ ಬಣ್ಣದ ಪುಡಿ ಬಂದಿದೆ, ಅಷ್ಟೇ. ಆ ರಾತ್ರಿಯ ರೊಟ್ಟಿ ಎಷ್ಟು ತೆಳ್ಳಗಾದವೆಂದರೆ ಹೆಂಚಿನ ಮೇಲೆ ಹಾಕುವಾಗಲೇ ಹರಿದವು. ನನ್ನ ಸೊಸೆ, ಪಾಪ, "ಹಿಟ್ಟ ಹಳೇದ ಆಗೈತೇನ್ರಿ ಅತ್ತಿ?" ಎಂದಳು.

ಮುಂದಿನ ಶನಿವಾರ ಸೆರಗು ಹೊದ್ದು ನಾನೇ ಶಿವಲೀಲಾಳ ಜೊತೆ ಹೊರಟೆ. ದಾರಿಯುದ್ದಕ್ಕೂ ಬೈಗುಳ ಕಟ್ಟುತ್ತ ನಡೆದೆ. ಎಂಥ ಬೈಗುಳ ಎಂದರೆ, ಕೇಳಿದ್ದರೆ ಆ ಮಾಸ್ತರರು ನೌಕರಿ ಬಿಟ್ಟು ಮನೆಗೆ ಹೋಗುತ್ತಿದ್ದರು. ಶಾಲೆಯ ಪ್ರಯೋಗದ ಕೋಣೆಯಲ್ಲಿ ಆ ವಿಜ್ಞಾನದ ಸರ್ ಎದ್ದು ನಿಂತು, "ಬರ್ರಿ ಅಮ್ಮಾರ, ಕುಂದರ್ರಿ. ಚಾ ತರಸ್ಲಿ? ಏನ ಬಂದಿದ್ರಿ?" ಎಂದರು.

"ಸುಮ್ನ ಬಂದೆರಿ" ಎಂದುಬಿಟ್ಟಿತು ನನ್ನ ಬಾಯಿ.

ಶಿವಲೀಲಾ ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಸೆರಗಿನ ತುದಿ ಹಿಡಿದುಕೊಂಡು, ನೆಲ ನೋಡುತ್ತಲೇ, "ಹುಡುಗ್ಯಾರಿಗೂ ಪ್ರಯೋಗ ಮಾಡಾಕ ಕೊಡ್ರಲ್ಲ" ಎಂದೆ.

ಸರ್ ದೊಡ್ಡ ಮನಸ್ಸಿನಿಂದ ನಕ್ಕರು. "ಆಸಿಡ್ ಇರ್ತೈತ್ರಿ ಅಮ್ಮಾರ. ನಾಳೆ ಮಾರಿ ಮ್ಯಾಲೆ ಒಂದ ಹನಿ ಸಿಡೀತಂದ್ರ ಲಗ್ನ ಆಗೋರ ಯಾರು? ನಿಮ್ಮ ಚಿಂತಿನ ನಾ ಮಾಡಾಕತ್ತೀನಿ."

"ಯಾಕ್ರಿ, ಗಂಡುಹುಡುಗ್ರಿಗೆ ಮಾರಿ ಇಲ್ಲೇನ್ರಿ?"

ಇದನ್ನು ಯಾರು ಅಂದರೆಂದು ನಾನೇ ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ರಂಗೋಲಿ ಡಬ್ಬಿ ಹಿಡಿದಿದ್ದ ಹುಡುಗಿಯರು ಕಿಸಕ್ಕೆಂದರು. ಸರ್ ಮುಖದ ನಗು ಹಾಗೇ ಒಣಗಿತು. "ಹಂಗಾದ್ರ ಒಂದ ಕೆಲಸ ಮಾಡೂಣು. ಹುಡುಗ್ಯಾರು ಪ್ರಯೋಗ ಮಾಡೂ ಮುಂದ ಮನಿಯವ್ರು ಒಬ್ರು ಇಲ್ಲಿ ಕುಂತಿರಬೇಕು. ನೀವ ಕುಂದರ್ರಿ, ಪ್ರತಿ ಶನಿವಾರ" ಎಂದರು. ಮದುವೆಮನೆಯಲ್ಲೂ ಮೂಲೆ ಹುಡುಕುವ ಈ ಮುದುಕಿ ಹಿಂದೆ ಸರಿಯುತ್ತಾಳೆ ಎಂಬುದು ಅವರ ಲೆಕ್ಕ. ಹುಡುಗರಿಗಾಗಿ ಯಾವ ಮನೆಯವರೂ ಬಂದು ಕೂರುವುದಿಲ್ಲ, ನೆನಪಿಡಿ. ಆ ಸಿಟ್ಟಿನಲ್ಲೇ ಹೋಗಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತೆ. ಅದರ ಒಂದು ಕಾಲು ಗಿಡ್ಡ. ಸಿಟ್ಟಿನಲ್ಲಿ ಗಟ್ಟಿಯಾಗಿ ಕೂರಲೂ ಬರುವಂತಿರಲಿಲ್ಲ.

ಹುಡುಗಿಯರು ಕಪಾಟಿನಿಂದ ಸಾಮಾನು ತೆಗೆದರು. ಗಾಜಿನ ನಳಿಗೆಯಲ್ಲಿ ಸತುವಿನ ಚೂರು, ಅದರ ಮೇಲೆ ನೀರು ಬೆರೆಸಿದ ಆಸಿಡ್. ಅದರಿಂದ ಹೊರಟ ಗಾಳಿಯನ್ನು ಕೊಳವೆಯಿಂದ ಸಾಬೂನಿನ ನೀರಿಗೆ ಬಿಟ್ಟರು. ನೊರೆ ಎದ್ದಿತು. ಇಷ್ಟೇನಾ, ಜನ್ಮವಿಡೀ ಬಟ್ಟೆ ಒಗೆದು ನಾನು ನೋಡದ ನೊರೆಯೇ ಎಂದು ಕಾಲು ಚಾಚಿದೆ. ಶಿವಲೀಲಾ ಕಡ್ಡಿ ಗೀರಿ ಒಂದು ಗುಳ್ಳೆಯ ಹತ್ತಿರ ಹಿಡಿದಳು.

"ಪಟ್!"

ಮುಂದಿನದು ನನಗೆ ಸ್ಪಷ್ಟವಾಗಿಲ್ಲ. ನಾನು ವರಾಂಡದಲ್ಲಿದ್ದೆ. ಸ್ಟೂಲು ಒಳಗೆ ಮಗುಚಿ ಬಿದ್ದಿತ್ತು. ಪಕ್ಕಕ್ಕೆ ನೋಡಿದರೆ, ನನಗಿಂತ ಮೊದಲೇ ಬಂದು ಸರ್ ಕಂಬ ಹಿಡಿದು ನಿಂತಿದ್ದಾರೆ! ಇಷ್ಟು ವರ್ಷ ಆ ಪ್ರಯೋಗವನ್ನು ಬೋರ್ಡಿನ ಮೇಲೆ ಮಾತ್ರ ಮಾಡಿದ್ದರೋ ಏನೋ.

"ಫೋನ್ ಬಂದಿತ್ರಿ ಅಮ್ಮಾರ" ಎಂದರು ಅವರು.

"ನನಗೂ ಒಳಗ ಭಾಳ ಸೆಕಿ ಆತ್ರಿ" ಎಂದೆ ನಾನು.

ಒಳಗಿಂದ ಮತ್ತೊಂದು "ಪಟ್" ಕೇಳಿತು, ಜೊತೆಗೆ ಹುಡುಗಿಯರ ನಗು. ಶಿವಲೀಲಾ ಬಾಗಿಲಿಗೆ ಬಂದು, "ಸರ್, ನಾವೆಲ್ಲ ಇಲ್ಲೇ ಅದೀವ್ರಿ. ಮುಂದಿಂದು ಏನ್ ಮಾಡೂಣ್ರಿ?" ಎಂದಳು.

ಈಗ ಪ್ರತಿ ಶನಿವಾರ ಹುಡುಗಿಯರೂ ಪ್ರಯೋಗ ಮಾಡುತ್ತಾರೆ. ಆದರೆ ಮನೆಯವರೊಬ್ಬರು ಕಾವಲಿರಬೇಕೆಂಬ ನಿಯಮವನ್ನು ಆ ಸರ್ ಇನ್ನೂ ತೆಗೆದಿಲ್ಲ. ನನ್ನ ಮಂಡಿ ನೋವೆಂದು ಒಂದು ವಾರ ತಪ್ಪಿಸಿದರೆ ಮತ್ತೆ ಕಿಡ್ನಿಗೆ ಬಣ್ಣ ತುಂಬಿಸುತ್ತಾರೆಂಬ ಸಿಟ್ಟಿಗೇ ಹೋಗಿ ಕೂರುತ್ತೇನೆ. ಹುಡುಗಿಯರನ್ನು ಕಾಯುವುದು ನನ್ನ ಕೆಲಸ ಎಂದು ಸರ್ ತಿಳಿದಿದ್ದಾರೆ. ಕಡ್ಡಿ ಗೀರುವ ಮೊದಲು ಶಿವಲೀಲಾ ಮಾತ್ರ ನನ್ನ ಕಡೆ ತಿರುಗಿ, "ಅಜ್ಜಿ, ಈಗ ಹೊರಗ ಹೋಗು" ಎನ್ನುತ್ತಾಳೆ. ಅವತ್ತು ನಾನು ಓಡಿದೆ ಎಂದು ಅವಳು ನಿಮಗೆಲ್ಲ ಹೇಳುತ್ತ ತಿರುಗುತ್ತಿದ್ದಾಳಂತೆ. ನಂಬಬೇಡಿ. ನಾನು ಸ್ವಲ್ಪ ಬೇಗ ನಡೆದೆ, ಅಷ್ಟೇ.